ಹೆಸರು ಹೇಳಲಿಲ್ಲ, ಆದರೂ ಊರಿಗೆಲ್ಲ ಗೊತ್ತಾಯಿತು: ಕೌನ್ಸೆಲಿಂಗ್‌ಗೆ ಹೋಗುವ ಮುಂಚೆ ಇದನ್ನು ಓದಿ

ಆ ವಿಡಿಯೊವನ್ನು ನನಗೆ ಕಳಿಸಿದ್ದು ನಮ್ಮ ಶಾಲೆಯಲ್ಲೇ ಪಾಠ ಮಾಡುವ ಇನ್ನೊಬ್ಬ ಟೀಚರ್. ಕೆಳಗೆ ಒಂದೇ ಸಾಲು ಬರೆದಿದ್ದರು: "ಮೇಡಂ, ಇದು ನಿಮ್ಮ ವಿಷಯ ಅಲ್ವಾ?"

ಮೂರು ನಿಮಿಷದ ವಿಡಿಯೊ. ಮಾತಾಡುತ್ತಿದ್ದವರು ನಾನು ಎರಡು ತಿಂಗಳಿಂದ ಹೋಗುತ್ತಿದ್ದ ಕೌನ್ಸೆಲರ್. ವಿಷಯ "ತಪ್ಪಿತಸ್ಥ ಭಾವನೆಯಿಂದ ಹೊರಬರುವುದು ಹೇಗೆ". ಅದರಲ್ಲಿ ಒಂದು ಉದಾಹರಣೆ ಕೊಟ್ಟರು. ಒಬ್ಬ ಟೀಚರ್, ಎಸ್ಸೆಸ್ಸೆಲ್ಸಿ ವ್ಯಾಲ್ಯುಯೇಶನ್‌ಗೆ ಹೋಗಿದ್ದಾಗ ಅಪ್ಪನಿಂದ ಎರಡು ಸಲ ಫೋನ್ ಬಂತು, ನೋಡಿಯೂ ವಾಪಸ್ ಮಾಡಲಿಲ್ಲ, ಸಂಜೆ ಮನೆಗೆ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ.

ನನ್ನ ಹೆಸರು ಹೇಳಲಿಲ್ಲ, ನಿಜ. ಆದರೆ ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ತಾಲ್ಲೂಕು ಕೇಂದ್ರ. ವ್ಯಾಲ್ಯುಯೇಶನ್ ಸಮಯದಲ್ಲಿ ಅಪ್ಪನನ್ನು ಕಳೆದುಕೊಂಡ ಟೀಚರ್ ಇಲ್ಲಿ ಎಷ್ಟು ಜನ ಇರುತ್ತಾರೆ ಹೇಳಿ.

ಆ ಎರಡು ಮಿಸ್ಡ್ ಕಾಲ್ ವಿಷಯ ಆ ಕೌನ್ಸೆಲರ್‌ಗೆ ಬಿಟ್ಟರೆ ನಾನು ಇನ್ಯಾರಿಗೂ ಹೇಳಿರಲಿಲ್ಲ. 11:40ಕ್ಕೆ ಒಂದು, 11:52ಕ್ಕೆ ಒಂದು. ಊಟದ ಬಿಡುವಿನಲ್ಲಿ ಬ್ಯಾಗಿನಿಂದ ಫೋನ್ ತೆಗೆದು ನೋಡಿದೆ. ಔಷಧಿ ತರೋದಕ್ಕೆ ಹೇಳಲು ಮಾಡಿರಬೇಕು, ಸಂಜೆ ಹೇಗೂ ಹೋಗ್ತೀನಲ್ಲ ಅಂದುಕೊಂಡು ಮತ್ತೆ ಒಳಗಿಟ್ಟೆ. ಅಮ್ಮ ಅವತ್ತು ತೋಟಕ್ಕೆ ಹೋಗಿದ್ದರು. ಅಪ್ಪ ಒಬ್ಬರೇ ಇದ್ದರು. ಅದಾದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಫೋನ್ ಬದಲಾಯಿಸಲು ಆಗಲಿಲ್ಲ, ಕಾಲ್ ಲಾಗ್ ಅಳಿಸಿಹೋಗುತ್ತದೆ ಅಂತ. ತರಗತಿಯಲ್ಲಿ ಯಾರದಾದರೂ ಫೋನ್ ರಿಂಗಾದರೆ ಕೈ ನಡುಗುತ್ತಿತ್ತು. ಆಗಲೇ ಕೌನ್ಸೆಲಿಂಗ್‌ಗೆ ಹೋದದ್ದು.

ಈಗ ಹಿಂದೆ ತಿರುಗಿ ನೋಡಿದರೆ ಸುಳಿವುಗಳು ಮೊದಲ ದಿನದಿಂದಲೇ ಇದ್ದವು. ಹೋದ ಕೂಡಲೇ ಇಂಗ್ಲಿಷಿನಲ್ಲಿದ್ದ ಒಂದು ಫಾರಂ ಕೊಟ್ಟು, "ಸುಮ್ನೆ ಫಾರ್ಮಾಲಿಟಿ, ಸೈನ್ ಮಾಡಿ" ಅಂದರು. ಮಾಡಿದೆ. ನಾನು ಹೇಳುವುದು ಎಲ್ಲಿ ಉಳಿಯುತ್ತದೆ, ಯಾರಿಗೆ ಹೋಗುತ್ತದೆ ಎಂಬ ಮಾತೇ ಬರಲಿಲ್ಲ. ಹತ್ತು ಸಲಕ್ಕೆ ₹6,500 ಅಂತ ಹಣ ಮೊದಲೇ ಕಟ್ಟಿಸಿಕೊಂಡರು. ಗೋಡೆ ತುಂಬ ಸರ್ಟಿಫಿಕೇಟು. ಅವು ಏನು, ಎಲ್ಲಿಯವು ಎಂದು ನಾನು ಓದಲೂ ಇಲ್ಲ.

ಇವೆಲ್ಲಕ್ಕಿಂತ ದೊಡ್ಡ ಸುಳಿವು ಇನ್ನೊಂದಿತ್ತು. ಎರಡನೇ ಸಲ ಹೋದಾಗ ನಾನು ತುಂಬಾ ಅತ್ತೆ. ನನ್ನನ್ನು ಸಮಾಧಾನ ಮಾಡಲು ಅವರು ಇನ್ನೊಬ್ಬರ ಕತೆ ಹೇಳಿದರು. "ನಿಮಗಿಂತ ಕಷ್ಟ ಇರೋರು ಬರ್ತಾರೆ ಇಲ್ಲಿಗೆ. ಮೊನ್ನೆ ಒಬ್ಬ ಅಂಗಡಿಯವರು ಬಂದಿದ್ರು, ಹೆಂಡತಿ ಬಿಟ್ಟು ಹೋಗಿದಾರೆ" ಅಂತ ಶುರು ಮಾಡಿ, ಆ ಅಂಗಡಿ ಯಾವ ಬೀದಿಯಲ್ಲಿದೆ ಎನ್ನುವವರೆಗೂ ಹೇಳಿದರು. ಆ ಮನುಷ್ಯ ಯಾರು ಅಂತ ನನಗೆ ತಕ್ಷಣ ಗೊತ್ತಾಯಿತು. ಆದರೂ ನಾನು ಎದ್ದು ಬರಲಿಲ್ಲ. ನನ್ನ ಮೇಲೆ ನಂಬಿಕೆ ಇಟ್ಟು ಹೇಳುತ್ತಿದ್ದಾರೆ ಅಂದುಕೊಂಡೆ. ಅವರ ಕತೆ ನನ್ನ ಕಿವಿಗೆ ಬಿತ್ತು ಅಂದಮೇಲೆ ನನ್ನದು ಇನ್ಯಾರದೋ ಕಿವಿಗೆ ಬೀಳಬಹುದು ಎಂದು ಆಗ ಹೊಳೆಯಲೇ ಇಲ್ಲ. ನಿಮ್ಮ ಮುಂದೆ ಯಾರಾದರೂ ಹೀಗೆ ಇನ್ನೊಬ್ಬರ ಕತೆ ತೆಗೆದರೆ ದಯವಿಟ್ಟು ಅಲ್ಲೇ ಮಾತು ನಿಲ್ಲಿಸಿ, ಎದ್ದು ಬನ್ನಿ. ಕಟ್ಟಿದ ಹಣ ಹೋದರೆ ಹೋಗಲಿ.

ವಿಡಿಯೊ ಅಮ್ಮನವರೆಗೂ ಹೋಯಿತು. ಚಿಕ್ಕಮ್ಮನ ಮಗಳ ಫೋನಿನಲ್ಲಿ ನೋಡಿದ್ದರಂತೆ. ಅವತ್ತು ರಾತ್ರಿ ನಾನು ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದೆ. ಹಿಂದೆ ಬಂದು ನಿಂತರು. "ಅವತ್ತು ನಿಮ್ಮಪ್ಪ ನಿಂಗೆ ಫೋನ್ ಮಾಡಿದ್ರೇನೇ?" ಅಂದರು. ಅಷ್ಟೇ. ನಾನು ತಿರುಗಲಿಲ್ಲ. ಹೂಂ ಅಂದೆ. ಅಮ್ಮ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಲೈಟ್ ಆರಿಸದೆ ಹೋಗಿ ಮಲಗಿದರು. ಆ ಮಾತನ್ನು ಅಮ್ಮನಿಗೆ ನಾನೇ, ನನಗೆ ಧೈರ್ಯ ಬಂದ ದಿನ ಹೇಳಬೇಕಿತ್ತು. ಆ ದಿನವನ್ನು ಆ ಕೌನ್ಸೆಲರ್ ನನ್ನಿಂದ ಕಿತ್ತುಕೊಂಡರು. ಬೇರೆ ಏನನ್ನು ಮರೆತರೂ ಇದನ್ನು ಮರೆಯಲು ನನಗೆ ಆಗುತ್ತಿಲ್ಲ.

ಮಾರನೇ ದಿನ ಅವರಿಗೆ ಫೋನ್ ಮಾಡಿದೆ. "ನಿಮ್ಮ ಹೆಸರು ಹೇಳಿಲ್ವಲ್ಲ ಮೇಡಂ" ಅಂದರು. ಎಲ್ಲರಿಗೂ ಗೊತ್ತಾಗಿದೆ ಅಂದೆ. "ಎಷ್ಟು ಜನಕ್ಕೆ ಇದರಿಂದ ಉಪಯೋಗ ಆಗಿದೆ ನೋಡಿ, ಕಾಮೆಂಟ್ ಓದಿ" ಅಂದರು. ನಾನು ಬಿಡಲಿಲ್ಲ. ಆಗ ಫಾರಂ ವಿಷಯ ತೆಗೆದರು. ಅದರ ಕೊನೆಯಲ್ಲಿ, ಶೈಕ್ಷಣಿಕ ಉದ್ದೇಶಕ್ಕೆ ನನ್ನ ವಿಷಯ ಬಳಸಲು ಒಪ್ಪಿಗೆ ಇದೆ ಎಂಬ ಒಂದು ಸಾಲು ಇತ್ತಂತೆ. ಹನ್ನೊಂದು ದಿನ ಅಲೆದಾಡಿಸಿ ವಿಡಿಯೊ ತೆಗೆದರು. ಅಷ್ಟರಲ್ಲಿ ಅದು ಎಷ್ಟು ಗ್ರೂಪ್‌ಗಳಿಗೆ ಹೋಗಿತ್ತೋ.

ಸೈನ್ ಹಾಕಿಸಿಕೊಂಡರೆ ಒಪ್ಪಿಗೆ ಸಿಕ್ಕಿತು ಅಂತ ಅಲ್ಲ. ಏನು ಬಳಸುತ್ತಾರೆ, ಎಲ್ಲಿ ಬಳಸುತ್ತಾರೆ, ಬೇಡ ಅನ್ನಬಹುದಾ, ಇವತ್ತು ಹೂಂ ಅಂದು ನಾಳೆ ಬೇಡ ಅನ್ನಬಹುದಾ, ಇದೆಲ್ಲ ನಮಗೆ ಅರ್ಥವಾಗುವ ಭಾಷೆಯಲ್ಲಿ ಬಿಡಿಸಿ ಹೇಳಿದ ಮೇಲೆ ನಾವು ಹೂಂ ಅಂದರೆ ಅದು ಒಪ್ಪಿಗೆ. ಉದಾಹರಣೆ ಕೊಡಲೇಬೇಕು ಅಂದರೂ ಊರು, ಕೆಲಸ, ಘಟನೆ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಾಯಿಸಬೇಕು. ಹೆಸರೊಂದನ್ನು ಬಿಟ್ಟುಬಿಟ್ಟರೆ ಸಾಲದು.

ದೂರು ಕೊಡೋಣ ಅಂತ ಹೊರಟಾಗ ಇನ್ನೊಂದು ಗೋಡೆ ಎದುರಾಯಿತು. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ಸಮಸ್ಯೆಗೆ ಮಾತಿನ ಮೂಲಕ ಚಿಕಿತ್ಸೆ ಕೊಡಲು ತರಬೇತಿ ಪಡೆದವರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿರಬೇಕು. ಅದಕ್ಕೆ 1992ರ ಕಾಯ್ದೆ ಇದೆ. ಅವರಿಗೊಂದು ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ನಾವು ಕೇಳಬಹುದು. ಮನೋವೈದ್ಯರಾದರೆ ಮೆಡಿಕಲ್ ಕೌನ್ಸಿಲ್ ಇದೆ. ಆದರೆ "ಕೌನ್ಸೆಲರ್" ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಇಂಥ ಪಟ್ಟಿಯಲ್ಲಿ ಇರುವುದಿಲ್ಲ. ಮನಶ್ಶಾಸ್ತ್ರ ಚೆನ್ನಾಗಿ ಓದಿ, ಹಿರಿಯರ ಕೈಕೆಳಗೆ ಪಳಗಿ ಬಂದವರೂ ಆ ಬೋರ್ಡ್ ಹಾಕುತ್ತಾರೆ, ಮೂರು ದಿನದ ಕೋರ್ಸ್ ಮುಗಿಸಿದವರೂ ಹಾಕುತ್ತಾರೆ. ನಾನು ಹೋಗಿದ್ದವರು ಎರಡನೇ ಥರದವರು. ಡಾಕ್ಟರು, ನರ್ಸುಗಳಲ್ಲದ ಇತರ ಆರೋಗ್ಯ ಕ್ಷೇತ್ರದವರಿಗಾಗಿ 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಈ ಕ್ಷೇತ್ರವನ್ನೂ ನೋಂದಣಿಯ ಕೆಳಗೆ ತರಲು ಹೊರಟಿದೆ. ಅದು ನಮ್ಮೂರಿನ ಬೋರ್ಡುಗಳವರೆಗೂ ಬರಲಿ ಅಂತ ಕಾಯುತ್ತಿದ್ದೇನೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಗೌಪ್ಯತೆಯ ಹಕ್ಕನ್ನು ಬರೆದಿದ್ದಾರೆ. ಅದನ್ನು ಆ ಕೌನ್ಸೆಲರ್‌ಗೆ ಹೇಳಿದೆ. "ಅದು ಆಸ್ಪತ್ರೆಯವರಿಗೆ, ನಾನು ಡಾಕ್ಟರ್ ಅಲ್ಲ" ಅಂದರು. ಬೋರ್ಡ್ ಹಾಕುವಾಗ, ಹಣ ತಗೊಳ್ಳುವಾಗ ಈ ಮಾತು ಬಂದಿರಲಿಲ್ಲ.

ಇಷ್ಟೆಲ್ಲ ಆದಮೇಲೆ ಕೌನ್ಸೆಲಿಂಗ್ ಸಹವಾಸವೇ ಬೇಡ ಅನ್ನಿಸಿತ್ತು. ಆದರೆ ನಿದ್ದೆ ಪೂರ್ತಿ ಹೋಗಿತ್ತು. ಒಂದು ರಾತ್ರಿ ಎರಡು ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ಅಂದರು.

ಅಲ್ಲಿಯ ಸೈಕಾಲಜಿಸ್ಟ್ ಮೊದಲು ಎದ್ದು ಹೋಗಿ ಬಾಗಿಲು ಹಾಕಿದರು. ನನ್ನ ಕಷ್ಟ ಕೇಳುವ ಮುಂಚೆ ತಮ್ಮ ಮಾತು ಶುರು ಮಾಡಿದರು. ನೀವು ಹೇಳೋದು ಇಲ್ಲೇ ಇರುತ್ತೆ. ಆದರೆ ನಿಮ್ಮ ಜೀವಕ್ಕೆ ಅಪಾಯ ಅಂತ ಕಂಡರೆ, ಇನ್ನೊಬ್ಬರ ಜೀವಕ್ಕೆ ಅಪಾಯ ಅಂತ ಕಂಡರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, ಕೋರ್ಟ್ ಆದೇಶ ಬಂದರೆ, ಆಗ ನಾನು ಹೇಳಲೇಬೇಕಾಗುತ್ತೆ, ಸಾಧ್ಯವಾದಷ್ಟು ನಿಮಗೆ ತಿಳಿಸಿಯೇ ಹೇಳ್ತೀನಿ ಅಂದರು. ಕನ್ನಡದ ಫಾರಂ ಅನ್ನು ಒಂದೊಂದೇ ಸಾಲು ಓದಿದರು. ನಡುವೆ ಪೆನ್ನು ಎತ್ತಿ, "ಇದನ್ನ ಬರ್ಕೊಳ್ಲಾ?" ಅಂತ ಕೇಳಿದರು. ಆ ಪ್ರಶ್ನೆ ಕೇಳಿ ನನಗೆ ಗಂಟಲು ಕಟ್ಟಿತು.

ನೀವು ಯಾರ ಹತ್ತಿರ ಹೋದರೂ ಮೊದಲ ಹದಿನೈದು ನಿಮಿಷದಲ್ಲಿ ಈ ಮಾತು ಬರಬೇಕು. ಬರದಿದ್ದರೆ ನೀವೇ ಕೇಳಿ. ಎಲ್ಲಿ ಓದಿದಿರಿ, ನೋಂದಣಿ ಇದೆಯಾ, ನನ್ನ ವಿಷಯ ಯಾರ ಹತ್ತಿರ ಮಾತಾಡುತ್ತೀರಿ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅಲ್ಲಿ ಕೂರಬೇಡಿ. ಫಾರಂ ಅರ್ಥವಾಗದಿದ್ದರೆ ಮನೆಗೆ ತಗೊಂಡು ಹೋಗಿ ಓದಿಸಿಕೊಂಡು ಬರ್ತೀನಿ ಅನ್ನಿ. ಸಣ್ಣ ಊರಿನವರಾದರೆ ಇನ್ನೂ ಜಾಸ್ತಿ ಹುಷಾರಾಗಿರಿ.

ಇದನ್ನು ಹಾಕುವ ಮುಂಚೆ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಫೋನ್ ವಿಷಯ ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬೇಡ ಅಂದ್ರೆ ಆ ಭಾಗ ತೆಗೀತೀನಿ ಅಂದೆ. ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಹಾಕು. ಈ ಸಲ ನೀನೇ ಹೇಳ್ತಾ ಇದೀಯಲ್ಲ" ಅಂದರು.