ಕಾರಿನ ಬಂಪರ್ ಗೀರಿಗೆ ಇನ್ಶೂರೆನ್ಸ್ ಕ್ಲೇಮ್ ಹಾಕೋಕೆ ಹೊರಟಿದ್ದೀರಾ? ಒಂದು ನಿಮಿಷ ನಿಲ್ಲಿ

ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದೀನಿ. ಮೋಸ ಅಂತ ಪೊಲೀಸರ ಹತ್ರ ಹೋಗೋ ಹಾಗೂ ಇಲ್ಲ, ಎಲ್ಲಾ ಕಡೆ ನಂದೇ ಸೈನ್ ಇದೆ.

ನವೆಂಬರಲ್ಲಿ ಮೈಸೂರಲ್ಲೇ ಒಂದು ಮದುವೆ. ಛತ್ರದ ಬೇಸ್‌ಮೆಂಟಿಂದ ರಿವರ್ಸ್ ತೆಗೀವಾಗ ಕಂಬಕ್ಕೆ ತಗುಲಿತು. ಹಿಂದಿನ ಬಂಪರ್ ಮೂಲೆ ಕೆರೆದುಹೋಯ್ತು, ಎಡ ಹಿಂಬಾಗಿಲಿಗೆ ಅಂಗೈಯಷ್ಟು ತಗ್ಗು. ಅಷ್ಟೇ. ನಮ್ಮ ಬೀದಿ ಟಿಂಕರಿಂಗ್ ಅಂಗಡಿಯವನು ನೋಡಿ, "ಬಂಪರ್ ಬದಲಾಯಿಸೋದೇನೂ ಬೇಡ ಸಾರ್, ಎರಡೂ ಸೇರಿ ಆರೂವರೆ ಸಾವಿರ" ಅಂದ. ನಾನು ಬುದ್ಧಿವಂತ ನೋಡಿ, ಇನ್ಶೂರೆನ್ಸ್ ಇಟ್ಕೊಂಡು ಕೈಯಿಂದ ಯಾಕೆ ಕೊಡ್ಲಿ ಅಂತ ಶೋರೂಮ್ ವರ್ಕ್‌ಶಾಪಿಗೆ ಹೋದೆ.

ಅಲ್ಲಿನ ಸರ್ವಿಸ್ ಅಡ್ವೈಸರ್ ಕಾಫಿ ಕೊಟ್ಟು ಹೇಳಿದ್ದು: "ಕ್ಯಾಶ್‌ಲೆಸ್ ಸಾರ್. ನಿಮ್ಮ ಜೇಬಿಂದ ಬರೀ ಸಾವಿರ ರೂಪಾಯಿ." ಫಾರಂ ಖಾಲಿ ಇತ್ತು, "ಇಲ್ಲಿ, ಇಲ್ಲಿ, ಇಲ್ಲೊಂದು" ಅಂದ, ಹಾಕಿದೆ. ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದಿದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಅನ್ನೋ ಮೂರಕ್ಷರ ಅವನ ಬಾಯಲ್ಲಿ ಬರ್ಲೇ ಇಲ್ಲ. ನಾನೂ ಕೇಳ್ಲಿಲ್ಲ.

ಡೆಲಿವರಿ ದಿನ ಬಿಲ್ಲು 14,480. ನನ್ನ ಪಾಲು 5,030.

"ಏನ್ರೀ ಇದು, ಸಾವಿರ ಅಂದಿದ್ರಲ್ಲ?"

"ಅದು ಕಂಪಲ್ಸರಿ ಡಿಡಕ್ಟಿಬಲ್ ಸಾರ್, ಪ್ರತಿ ಕ್ಲೇಮಿಗೂ ನೀವೇ ಕೊಡ್ಬೇಕಾದ್ದು. ಇದು ಡಿಪ್ರಿಸಿಯೇಷನ್, ಪಾರ್ಟ್ಸ್ ಸವಕಳಿ ಅಂತ ಕಳೆಯೋದು. ನಿಮ್ದು ಜೀರೋ ಡೆಪ್ ಇಲ್ವಲ್ಲ?"

ಇಲ್ಲ. ಸವಕಳಿ ಕಳೆಯದ ಹಾಗೆ ನೋಡ್ಕೊಳ್ಳೋ ಆ ಜೀರೋ ಡೆಪ್ಪನ್ನ ಕಳೆದ ಸಲ ದುಡ್ಡು ಉಳಿಸೋಕೆ ಅಂತ ನಾನೇ ತೆಗೆಸಿದ್ದೆ. ಹೊಸ ಬಂಪರ್ 5,200, ಪ್ಲಾಸ್ಟಿಕ್ ಆದ್ದರಿಂದ ಅರ್ಧ ನನ್ನ ತಲೆಗೆ. ಪೇಂಟ್ ಮೆಟೀರಿಯಲ್ಲಲ್ಲೂ ಅರ್ಧ, 950. ಕ್ಲಿಪ್ಪು ಗಿಪ್ಪು ಅಂತ 480 ಬೇರೆ. ಗೀರು ಬಿದ್ದ ಬಂಪರನ್ನ ಬದಲಾಯಿಸಿದ್ದು ಯಾಕೆ ಅಂದ್ರೆ, "ಇನ್ಶೂರೆನ್ಸ್ ಸರ್ವೇಯರ್ ಅಪ್ರೂವ್ ಮಾಡಿದಾರೆ ಸಾರ್." ಅಪ್ರೂವ್ ಮಾಡೋಕೆ ಎಸ್ಟಿಮೇಟ್ ಬರೆದವನು ಯಾರಪ್ಪಾ?

ಹೋಗ್ಲಿ, ಆರೂವರೆ ಕೊಡೋ ಬದಲು ಐದು ಕೊಟ್ಟೆ, ಸಾವಿರದ ಚಿಲ್ಲರೆ ಉಳೀತು ಅಂತ ಸಮಾಧಾನ ಮಾಡ್ಕೊಂಡೆ. ಹೆಂಡತಿಗೂ ಹಾಗೇ ಹೇಳಿದೆ. ಈಗ ಅವಳ ಮುಖ ನೋಡೋಕಾಗ್ತಿಲ್ಲ.

ಫೆಬ್ರವರಿಯಲ್ಲಿ ರಿನ್ಯೂವಲ್ ಬಂತು. ನೋ ಕ್ಲೇಮ್ ಬೋನಸ್ ಸೊನ್ನೆ. ಸೊನ್ನೆ! ಇದು ಹಾವು ಏಣಿ ಆಟ: ಕ್ಲೇಮ್ ಇಲ್ಲದ ಒಂದೊಂದು ವರ್ಷಕ್ಕೂ 20, 25, 35, 45, ಐದನೇ ವರ್ಷಕ್ಕೆ 50 ಪರ್ಸೆಂಟ್. ನಾನು 45ರಲ್ಲಿದ್ದೆ, 50 ಮುಟ್ಟೋಕೆ ಮೂರು ತಿಂಗಳು ಬಾಕಿ. ಒಂದು ಕ್ಲೇಮ್, ಹಾವಿನ ಬಾಯಿಗೆ ಬಿದ್ದು ಕೆಳಗೆ. ಬೇರೆಯವರಿಗಾದ ಹಾನಿಗೆ ಅಂತ ಕಟ್ಟೋ ಥರ್ಡ್ ಪಾರ್ಟಿ ಭಾಗಕ್ಕೆ ಈ ಬೋನಸ್ ಇಲ್ಲ, ನಮ್ಮ ಕಾರಿನ ಹಾನಿಗೆ ಅಂತ ಕಟ್ಟೋ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ನನ್ನ ಪಾಲಿಸೀಲಿ ಆ ಭಾಗದ ಪ್ರೀಮಿಯಂ ಒಂದೇ 15,000. ಸಿಗಬೇಕಿದ್ದ ಅರ್ಧ ರಿಯಾಯಿತಿ ಹೋಯ್ತು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 8,850 ಜಾಸ್ತಿ. ಮೊದಲಿನ 5,030 ಸೇರಿಸಿ ನೋಡಿ. ಆರೂವರೆ ಸಾವಿರದ ಕೆಲಸಕ್ಕೆ 13,880! ಮುಂದಿನ ವರ್ಷವೂ 50ರ ಜಾಗದಲ್ಲಿ 20 ಅಷ್ಟೇ.

ಅಡ್ವೈಸರಿಗೆ ಫೋನ್ ಮಾಡಿದೆ. "ಅದು ಇನ್ಶೂರೆನ್ಸ್‌ನೋರ ವಿಷಯ ಸಾರ್." ಇನ್ಶೂರೆನ್ಸ್‌ನೋರಿಗೆ ಮಾಡಿದೆ. "ಕ್ಲೇಮ್ ಸೆಟಲ್ ಆಗಿದೆ ಸರ್, ಈಗ ಏನೂ ಮಾಡಕ್ಕಾಗಲ್ಲ. ಬೇರೆ ಏನಾದ್ರೂ ಸಹಾಯ ಬೇಕಾ ಸರ್?" ಬೇರೆ ಸಹಾಯ ಅಂತೆ!

ಗೀರು, ಸಣ್ಣ ತಗ್ಗು ಅಂದ್ರೆ ಮೊದಲು ಹೊರಗಡೆ ರೇಟ್ ಕೇಳಿ. ಪಾಲಿಸಿ ತೆಗೆದು ಓನ್ ಡ್ಯಾಮೇಜ್ ಎಷ್ಟು, ಬೋನಸ್ ಎಷ್ಟು ಹೋಗುತ್ತೆ ಅಂತ ಲೆಕ್ಕ ಹಾಕಿ. ನಿಮ್ಮ ಪಾಲು ಎಷ್ಟು ಅಂತ ಅಡ್ವೈಸರ್ ಹತ್ರ ಬರೆಸಿಕೊಳ್ಳಿ, ಬರೆದುಕೊಡೋದಿಲ್ಲ, ಅದು ಬೇರೆ ಮಾತು. ದೊಡ್ಡ ಡ್ಯಾಮೇಜ್ ಆದ್ರೆ ಖಂಡಿತ ಕ್ಲೇಮ್ ಮಾಡಿ, ಅದಕ್ಕೇ ಇರೋದು. ಖಾಲಿ ಫಾರಂಗೆ ಮಾತ್ರ ಸೈನ್ ಬೇಡ.

ಇನ್ನೊಂದು ವಿಷಯ ಹೇಳೋಕೇ ನಾಚಿಕೆ. ಡೆಲಿವರಿ ಆದ ಮಾರನೇ ದಿನ ಅದೇ ಅಡ್ವೈಸರ್ ಹುಡುಗ ಫೋನ್ ಮಾಡಿ, "ಕಂಪನಿಯಿಂದ ಕಾಲ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ ಸಾರ್" ಅಂದಿದ್ದ. ಕೊಟ್ಟಿದ್ದೆ.