ರೈಫಲ್: ರೆಡಿ ತಗೊಳ್ಳೋದಾ, ಮನೇಲಿ ಜೋಡಿಸೋದಾ?

ಟೆಕ್ಸಾಸ್‌ನಲ್ಲಿರುವ ಗೆಳೆಯ ಕೇಳಿದ, ಎಆರ್-15 ರೈಫಲ್ ರೆಡಿ ತಗೊಳ್ಳಲಾ, ಬಿಡಿಭಾಗ ತಂದು ಜೋಡಿಸಲಾ ಅಂತ. ಮೊದಲು ವೀಸಾ ನೋಡ್ಕೋ ಅಂದೆ. ಎಚ್1ಬಿ ಆದರೆ, ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ಎರಡೂ ಆಗಲ್ಲ.

ಕಾಗದಪತ್ರದಲ್ಲಿ ಅಂಥ ವ್ಯತ್ಯಾಸವಿಲ್ಲ. ಅಲ್ಲಿನ ಫೆಡರಲ್ ಕಾನೂನಿಗೆ ಸೀರಿಯಲ್ ನಂಬರ್ ಇರುವ ಲೋವರ್ ರಿಸೀವರ್ರೇ (ಟ್ರಿಗರ್ ಕೂರುವ ಕೆಳಗಿನ ಚೌಕಟ್ಟು) ಬಂದೂಕು, ಹಾಗಾಗಿ ಅದೊಂದನ್ನೇ ಕೊಂಡರೂ ಡೀಲರ್ ಹತ್ತಿರ 4473 ಫಾರಂ (ಬಂದೂಕು ಕೊಳ್ಳುವವರು ತುಂಬುವ ಫೆಡರಲ್ ನಮೂನೆ) ತುಂಬಬೇಕು, ಹಿನ್ನೆಲೆ ತಪಾಸಣೆಯೂ ಆಗಬೇಕು. ಬೇರೆ ನೋಂದಣಿ ಇಲ್ಲದೆ ಬ್ಯಾರೆಲ್ 16 ಇಂಚಿಗಿಂತ ಕಡಿಮೆ ಇರುವಂತಿಲ್ಲ. ಜೋಡಿಸುವವನು ಇದನ್ನು ತಾನೇ ನೋಡಿಕೊಳ್ಳಬೇಕು. ರಾಜ್ಯದ ಕಾನೂನು ಬೇರೆ. ಕ್ಯಾಲಿಫೋರ್ನಿಯಾ ಆದರೆ ಇನ್ನೂ ಬಿಗಿ.

ದುಡ್ಡು ಉಳಿಸೋಕೆ ಅಂತ ಸುಮ್ನೆ ಜೋಡಿಸೋಕೆ ಹೋಗಬೇಡಿ. ಪಂಚ್, ಟಾರ್ಕ್ ವ್ರೆಂಚ್ ಅಂತ ಸೇರಿದರೆ ಮೊದಲ ರೈಫಲ್‌ಗೆ ಉಳಿಯೋದು ಕಡಿಮೆಯೇ. ಜೊತೆಗೆ ಪಿವಟ್ ಪಿನ್‌ನ ಪುಟಾಣಿ ಡಿಟೆಂಟ್ (ಪಿನ್ ಜಾರದಂತೆ ಹಿಡಿಯುವ ಕಡ್ಡಿ) ಸ್ಪ್ರಿಂಗ್‌ನಿಂದ ಚಿಮ್ಮಿ ಸೋಫಾ ಕೆಳಗೆ ಹೋದರೆ ಆ ಸಂಜೆ ಹುಡುಕಾಟದಲ್ಲೇ ಕಳೆಯುತ್ತೆ!

ಕೆಟ್ಟರೆ? ರೆಡಿ ರೈಫಲ್‌ಗೆ ಒಂದೇ ಕಂಪನಿಯ ವಾರಂಟಿ. ಜೋಡಿಸಿದ್ದಕ್ಕೆ ಪ್ರತಿ ಭಾಗಕ್ಕೂ ಬೇರೆ ಬೇರೆ.

ಮೊದಲ ಸಲ ಕೊಳ್ಳುವವರಿಗೆ ರೆಡಿಯೇ ಸರಿ. ಟ್ರಿಗರ್, ಸ್ಟಾಕ್ ನಮ್ಮಿಷ್ಟದ್ದೇ ಬೇಕು, ಒಳಗಿನ ಕೆಲಸ ಕಲಿಯೋ ಆಸೆ ಇದೆ ಅನ್ನುವವರು ಜೋಡಿಸಲಿ. ಪೂರ್ತಿ ಲೋವರ್, ಪೂರ್ತಿ ಅಪ್ಪರ್ (ಬ್ಯಾರೆಲ್ ಇರುವ ಮೇಲಿನ ಅರ್ಧ) ಕೊಂಡು ಎರಡು ಪಿನ್ ಹಾಕುವ ನಡುವಿನ ದಾರಿಯೂ ಇದೆ, ನನ್ನ ಗೆಳೆಯ ಅದನ್ನೇ ಹಿಡಿದ.