ಇಂಟೆಲೋ, ಎಎಂಡಿಯೋ: ಬಳ್ಳಾರಿಯ ಬೇಸಿಗೆಯಲ್ಲಿ ಎರಡು ಲ್ಯಾಪ್‌ಟಾಪ್

ಕೌಲ್ ಬಜಾರಿನ ಜೀನ್ಸ್ ಘಟಕಗಳ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ಪುಟ್ಟ ಕಚೇರಿಯಲ್ಲಿ ಈ ಬೇಸಿಗೆ ಪೂರ್ತಿ ಎರಡು ಲ್ಯಾಪ್‌ಟಾಪ್‌ಗಳು ಅಕ್ಕಪಕ್ಕದಲ್ಲೇ ದುಡಿದವು. ಒಂದರ ಪ್ರೊಸೆಸರ್ (ಲ್ಯಾಪ್‌ಟಾಪಿನ ಮಿದುಳಿನಂಥ ಚಿಪ್) ಇಂಟೆಲ್ ಕೋರ್ ಐ5-1235ಯು, ಇನ್ನೊಂದರದು ಎಎಂಡಿ ರೈಜನ್ 5 7530ಯು. ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಕೆಲಸವೂ ಒಂದೇ: ಟ್ಯಾಲಿ, ಜಿಎಸ್‌ಟಿ ರಿಟರ್ನ್, ಮುಗಿಯದಷ್ಟು ಸಾಲುಗಳ ಎಕ್ಸೆಲ್, ನಡುನಡುವೆ ಖರೀದಿದಾರರಿಗೆ ಕಳುಹಿಸುವ ಮಾಲಿನ ವಿಡಿಯೊ.

ಬೆಳಗಿನ ಹೊತ್ತು ಇಂಟೆಲ್‌ನದೇ ಮೇಲುಗೈ. ಚಿಪ್‌ನೊಳಗೆ ಕೆಲಸ ಮಾಡುವ ಘಟಕಗಳೇ ಕೋರ್‌ಗಳು; ಇಂಟೆಲ್‌ನಲ್ಲಿ ಎರಡು ದೊಡ್ಡ ಕೋರ್‌ಗಳು, ಎಂಟು ಸಣ್ಣವು. ನಿತ್ಯದ ಮಿತಿ 15 ವಾಟ್ ಆದರೂ ಅವಸರಕ್ಕೆ 55 ವಾಟ್‌ವರೆಗೆ ಎಳೆದುಕೊಳ್ಳಬಲ್ಲದು. ಕಡತದ ಮೇಲೆ ಒತ್ತಿದರೆ ಸಾಕು, ತೆರೆದುಕೊಂಡಿರುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಮುಟ್ಟಿ ನೋಡುವವರು ಇದನ್ನೇ ಕೊಳ್ಳುತ್ತಾರೆ.

ಆಟ ತಿರುಗುವುದು ಮಧ್ಯಾಹ್ನ. ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಗುತ್ತೇವೆ. ಲ್ಯಾಪ್‌ಟಾಪಿನ ಫ್ಯಾನ್ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ. ಆ ಗಾಳಿಯೇ ಕಾದಿದ್ದರೆ ಚಿಪ್ ತಣಿಯುವುದಾದರೂ ಹೇಗೆ? ವರ್ಷದ ದಾಸ್ತಾನು ಪಟ್ಟಿಯನ್ನು ತಾಳೆ ನೋಡಲು ಕುಳಿತಾಗ ಇಂಟೆಲ್ ಯಂತ್ರದ ಫ್ಯಾನ್ ಹೊಲಿಗೆ ಯಂತ್ರದ ಮೋಟರಿನಂತೆ ಮೊರೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ವೇಗ ಇಳಿಯುತ್ತಿತ್ತು. ಒಂದೇ ಬಗೆಯ ಆರು ಕೋರ್‌ಗಳ ರೈಜನ್ ಆರಂಭದಲ್ಲಿ ತುಸು ಹಿಂದಿದ್ದರೂ ಕೊನೆಯವರೆಗೆ ಅದೇ ಓಟದಲ್ಲಿರುತ್ತಿತ್ತು. ಇದರಲ್ಲಿ ಚಿಪ್‌ನ ಪಾಲೆಷ್ಟು, ತೆಳ್ಳಗಿರಲೆಂದು ಶಾಖ ಹೊರಹಾಕುವ ವ್ಯವಸ್ಥೆಯನ್ನು ಸೊರಗಿಸಿದ ಲ್ಯಾಪ್‌ಟಾಪ್ ತಯಾರಕರ ಪಾಲೆಷ್ಟು ಎಂಬ ಅನುಮಾನ ನನಗಿದ್ದೇ ಇದೆ. ಕರೆಂಟ್ ಹೋದಾಗಲೂ ರೈಜನ್ನೇ ಹೆಚ್ಚು ಹೊತ್ತು ತಡೆದುಕೊಂಡಿತು.

ವಿಡಿಯೊದಲ್ಲಿ ಮಾತ್ರ ಇಂಟೆಲ್ ಮುಂದು. ಅದಕ್ಕೆಂದೇ ಚಿಪ್‌ನೊಳಗೆ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಭಾಗವಿದೆ. ಆದರೆ ಗ್ರಾಫಿಕ್ಸ್‌ನ ಪೂರ್ಣ ಬಲ ಸಿಗಬೇಕಾದರೆ ಎರಡು ರ‍್ಯಾಮ್ ಪಟ್ಟಿ ಬೇಕು. ನಮ್ಮದರಲ್ಲಿ ಒಂದೇ ಇದ್ದಾಗ ಟಾಸ್ಕ್ ಮ್ಯಾನೇಜರ್ ಗ್ರಾಫಿಕ್ಸ್‌ನ ಹೆಸರನ್ನು ‘ಯುಎಚ್‌ಡಿ’ ಎಂದು ತೋರಿಸುತ್ತಿತ್ತು. ಇನ್ನೊಂದು ಪಟ್ಟಿ ಹಾಕಿಸಿ ತೆರೆದರೆ ಅದೇ ಜಾಗದಲ್ಲಿ ‘ಐರಿಸ್ ಎಕ್ಸ್ಇ’! ಪ್ರೊಸೆಸರಿಗಾಗಿ ತಲೆ ಕೆಡಿಸಿಕೊಳ್ಳುವ ಎಷ್ಟೋ ಮಂದಿ ರ‍್ಯಾಮ್ ಎಷ್ಟು ಪಟ್ಟಿಯಲ್ಲಿದೆ ಎಂದು ಕೇಳುವುದೇ ಇಲ್ಲ.

ಎಎಂಡಿ ಕೊಳ್ಳುವವರು ಹೆಸರಿನ ಅಂಕಿಗಳನ್ನು ಕಣ್ಣುಬಿಟ್ಟು ಓದಬೇಕು. ಲ್ಯಾಪ್‌ಟಾಪಿನ 7000 ಸರಣಿಯಲ್ಲಿ ‘ಜೆನ್’ ಎಂಬ ಒಳವಿನ್ಯಾಸದ ತಲೆಮಾರನ್ನು ಹೇಳುವುದು ಮೂರನೆಯ ಅಂಕಿ. 7530ಯು ಎಂದರೆ ಜೆನ್ 3. 7520ಯು ಎಂದರೆ ಹಳೆಯ ಜೆನ್ 2, ಅದೂ ನಾಲ್ಕೇ ಕೋರ್. ಅಂಗಡಿಯ ಚೀಟಿಯಲ್ಲಿ ಎರಡೂ ‘ರೈಜನ್ 5’. 1982ರ ಒಪ್ಪಂದದ ಮೇಲೆ ಇಂಟೆಲ್ ವಿನ್ಯಾಸದ ಚಿಪ್‌ಗಳನ್ನೇ ತಯಾರಿಸಿದ್ದ ಕಂಪನಿ, 2017ರಲ್ಲಿ ರೈಜನ್ ತಂದು ಎದುರಾಳಿಗೆ ಬೆವರಿಳಿಸಿತು. ಹೆಸರಿಡುವ ಚಾಲಾಕಿನಲ್ಲೂ ಅದು ಹಿಂದೆ ಬಿದ್ದಿಲ್ಲ.

ಈಗ ಇಂಟೆಲ್ ಯಂತ್ರ ಎಸಿ ಇರುವ ಒಳಕೋಣೆಯಲ್ಲಿ ವಿಡಿಯೊ ಕೆಲಸಕ್ಕೆ ನಿಂತಿದೆ. ರೈಜನ್ ನನ್ನ ಮೇಜಿನ ಮೇಲಿದೆ; ಮುಂದಿನ ಖರೀದಿಯೂ ಅದೇ ಆಗಬಹುದು, ಮೂರನೆಯ ಅಂಕಿ ನೋಡಿಕೊಂಡು.